ಫುಲ್ ರೇಸಿಗೆ ಹತ್ತೇ ನಿಮಿಷಕ್ಕೆ ಸೋಲುವ ಹಳೇ ಓಬಿಎಂ

ಪ್ರಶ್ನೆ (ಹೊನ್ನಾವರ): 23 ಅಡಿಯ ಫೈಬರ್ ದೋಣಿ. 2006ರ 40 ಎಚ್‌ಪಿ ಓಬಿಎಂ (ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್), ಟೂ ಸ್ಟ್ರೋಕ್, ಎರಡು ಸಿಲಿಂಡರ್. ಶರಾವತಿ ಅಳಿವೆ ದಾಟುವವರೆಗೆ ತಕರಾರಿಲ್ಲ. ಹೊರಗೆ ಫುಲ್ ರೇಸ್ ಕೊಟ್ಟು ಹತ್ತು ನಿಮಿಷಕ್ಕೆ ಆರ್‌ಪಿಎಂ 5,000ದಿಂದ 3,000ಕ್ಕೆ ಇಳಿಯುತ್ತದೆ. ಸ್ವಲ್ಪ ಹೊತ್ತು ನಿಧಾನ ಓಡಿಸಿದರೆ ಮತ್ತೆ ಸರಿ. ಪ್ಲಗ್ ಎರಡೂ ಹೊಸದು, ಕಾರ್ಬ್ಯುರೇಟರ್ ತೊಳೆಸಿಯಾಗಿದೆ. ಪಿಸ್ಟನ್ ರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು ಅನ್ನುತ್ತಾರೆ ಒಬ್ಬರು. ಬಿಚ್ಚಿಸಲಾ?

ಉತ್ತರ (ಓಬಿಎಂ ಮೆಕ್ಯಾನಿಕ್): ಈಗಲೇ ಬೇಡ ಮಾರಾಯ್ರೇ. ಸವೆದ ರಿಂಗ್ ಐದು ನಿಮಿಷ ಸುಧಾರಿಸಿಕೊಂಡು ಗಟ್ಟಿಯಾಗುವುದಿಲ್ಲ. ಅದು ಸ್ಟಾರ್ಟಿಂಗ್‌ನಲ್ಲೂ ನಿಧಾನದಲ್ಲೂ ಒಂದೇ ಸಮ ಕಾಡುತ್ತದೆ. ನೀವು ಹೇಳುವ ಲಕ್ಷಣ ಪೆಟ್ರೋಲ್ ಸಾಲದ್ದು.

ಮುಂದಿನ ಸಲ ಆರ್‌ಪಿಎಂ ಬಿದ್ದ ಕೂಡಲೇ, ರೇಸ್ ಇಳಿಸದೆ, ಜೊತೆಯವರಿಗೆ ಪೆಟ್ರೋಲ್ ಪೈಪಿನ ನಡುವೆ ಇರುವ, ಕೈಯಲ್ಲಿ ಒತ್ತುವ ರಬ್ಬರ್ ಬಲ್ಬ್ ಹಿಡಿದು ನೋಡಲು ಹೇಳಿ. ಬಲ್ಬ್ ಮೆತ್ತಗಿದ್ದು, ಒತ್ತಿದಾಗ ಎಂಜಿನ್ ಚೇತರಿಸಿಕೊಂಡರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಎಂಜಿನ್ನಿನ ಪೆಟ್ರೋಲ್ ಪಂಪಿನ ಡಯಾಫ್ರಮ್ (ಒಳಗಿನ ತೆಳು ಪೊರೆ) ಸೋತಿದೆ. ಬಲ್ಬ್ ಚಪ್ಪಟೆಯಾಗಿ ಉಬ್ಬದೆ ನಿಂತಿದ್ದರೆ ಟ್ಯಾಂಕಿನ ಕಡೆ ಅಡ್ಡಿ. ಬಲ್ಬ್ ಗಟ್ಟಿಯಾಗಿದ್ದೂ ಎಂಜಿನ್ ಎಳೆಯದಿದ್ದರೆ ಕಾರ್ಬ್ಯುರೇಟರ್, ಬಿಸಿಯಾದಾಗ ಕೈಕೊಡುವ ಇಗ್ನಿಷನ್ ಕಾಯಿಲ್, ಕೂಲಿಂಗ್ ನೀರು, ಇವನ್ನು ನೋಡಬೇಕು. ನೀರಿನ ಸಣ್ಣ ಧಾರೆ ಸರಿಯಾಗಿ ಚಿಮ್ಮುತ್ತಿದೆಯಾ ಎಂದೂ ಗಮನಿಸಿ.

ಅಲ್ಲಿಯವರೆಗೆ ಫುಲ್ ರೇಸಿನಲ್ಲಿ ಜಾಸ್ತಿ ಹೊತ್ತು ಓಡಿಸಬೇಡಿ. ಟೂ ಸ್ಟ್ರೋಕಿಗೆ ಆಯಿಲ್ ಹೋಗುವುದೂ ಪೆಟ್ರೋಲಿನ ಜೊತೆಗೇ. ಪೆಟ್ರೋಲ್ ಕಮ್ಮಿಯಾದರೆ ಆಯಿಲೂ ಕಮ್ಮಿ. ಪ್ಲಗ್ ಬಿಚ್ಚಿದಾಗ ಪಿಂಗಾಣಿ ಸುಣ್ಣದಷ್ಟು ಬೆಳ್ಳಗಿದ್ದು, ಅದರ ಮೇಲೆ ಸಾಸಿವೆಗಿಂತ ಸಣ್ಣ ಅಲ್ಯುಮಿನಿಯಮ್ ಹನಿಗಳು ಕಂಡರೆ ಪಿಸ್ಟನ್ ಕರಗಲು ಶುರುವಾಗಿದೆ ಎಂದರ್ಥ. ಆಗ ಅಲ್ಲೇ ನಿಲ್ಲಿಸಿ.

ಪ್ರಶ್ನೆ (ಹೊನ್ನಾವರ): ಬಲ್ಬ್ ಅಪ್ಪಚ್ಚಿ! ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದೇ ಇತ್ತು. ಮುಚ್ಚಳವನ್ನೇ ಪೂರ್ತಿ ಸಡಿಲ ಮಾಡಿದರೂ ವ್ಯತ್ಯಾಸವಿಲ್ಲ.

ಉತ್ತರ: ಹಾಗಾದರೆ ಪಂಪ್ ಗಟ್ಟಿಯಾಗಿಯೇ ಇದೆ, ಬಲ್ಬನ್ನು ಹೀರಿ ಚಪ್ಪಟೆ ಮಾಡಿದ್ದು ಅದೇ. ಗಾಳಿಕಿಂಡಿಯ ಅನುಮಾನವೂ ಹೋಯಿತು. ಉಳಿದದ್ದು ಮೂರೇ ಜಾಗ: ಟ್ಯಾಂಕಿನೊಳಗಿನ ಹೀರುಕೊಳವೆಯ ಜಾಲರಿ, ಟ್ಯಾಂಕಿನ ಕನೆಕ್ಟರ್, ಅಲ್ಲಿಂದ ಬಲ್ಬಿನವರೆಗಿನ ಪೈಪು. ಜಾಲರಿಯಿಂದ ಶುರು ಮಾಡಿ. ರೇಸಿನಲ್ಲಿ ಕಸ ಅದಕ್ಕೆ ಅಂಟಿಕೊಳ್ಳುತ್ತದೆ, ಎಳೆತ ಕಮ್ಮಿಯಾದಾಗ ಉದುರುತ್ತದೆ. ನಿಮ್ಮ ಹತ್ತು ನಿಮಿಷದ ಲೆಕ್ಕ ಇದಕ್ಕೆ ಹೊಂದುತ್ತದೆ.

ಟ್ಯಾಂಕಿನ ತಳದಿಂದ ಒಂದು ಲೀಟರ್ ಪೆಟ್ರೋಲನ್ನು ಗಾಜಿನ ಬಾಟಲಿಗೆ ಎಳೆದು ಅರ್ಧ ಗಂಟೆ ಅಲುಗಾಡಿಸದೆ ಇಡಿ.

ಪ್ರಶ್ನೆ (ಹೊನ್ನಾವರ): ಜಾಲರಿ ತುಂಬ ಕಂದು ಲೋಳೆ. ಬಾಟಲಿಯಲ್ಲಿ ಎರಡು ಪದರ: ಮೇಲೆ ಆಯಿಲಿನ ಬಣ್ಣ, ಕೆಳಗೆ ಎರಡು ಬೆರಳಿನಷ್ಟು ಮಸುಕು ನೀರು. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಉದ್ದಕ್ಕೂ ಟ್ಯಾಂಕ್ ಅರ್ಧ ತುಂಬಿಯೇ ಇತ್ತು.

ಉತ್ತರ: ಅದು ಬರೀ ನೀರಲ್ಲ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇರುತ್ತದೆ. ಮಳೆಗಾಲದ ತೇವ, ಮುಚ್ಚಳದಲ್ಲಿ ಸೋರಿದ ಹನಿ, ಎಲ್ಲವನ್ನೂ ಎಥನಾಲ್ ಕುಡಿಯುತ್ತದೆ. ಹೊಟ್ಟೆ ತುಂಬಿದ ಮೇಲೆ ನೀರಿನ ಸಮೇತ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಹೀರುಕೊಳವೆ ಇರುವುದೋ ತಳದಲ್ಲಿ! ಎಂಜಿನ್ನಿಗೆ ಮೊದಲು ಸಿಗುವುದೇ ಆಯಿಲ್ ಇಲ್ಲದ ಆ ಪದರ. ಕುಲುಕಿ ಬೆರೆಸಲು ಹೋಗಬೇಡಿ, ಮತ್ತೆ ಬೇರೆಯಾಗುತ್ತದೆ. ಪೂರ್ತಿ ಖಾಲಿ ಮಾಡಿ, ನದಿಗೆ ಮಾತ್ರ ಸುರಿಯಬೇಡಿ. ಟ್ಯಾಂಕ್ ತೊಳೆದು ಒಣಗಿಸಿ, ಕಾರ್ಬ್ಯುರೇಟರ್ ಬೌಲಿನ ಡ್ರೇನ್ ಸ್ಕ್ರೂ ತೆಗೆದು ಅಲ್ಲಿಯದನ್ನೂ ಬಿಡಿ. ಆಮೇಲೆ ಹೊಸ ಪೆಟ್ರೋಲಿಗೆ ಲೀಟರಿಗೆ 20 ಮಿಲಿಯಂತೆ ಟಿಸಿ-ಡಬ್ಲ್ಯೂ3 ಗುರುತಿನ, ದೋಣಿ ಎಂಜಿನ್ನಿನ ಟೂ ಸ್ಟ್ರೋಕ್ ಆಯಿಲ್. 20 ಲೀಟರಿಗೆ 400 ಮಿಲಿ. ಬೈಕಿನ ಟೂಟಿ (2ಟಿ) ಆಯಿಲ್ ಬೇಡ.

ಹಳೇ ಪೈಪನ್ನೂ ಬದಲಿಸಿ. ಕತ್ತರಿಸಿ ನೋಡಿದರೆ ಒಳಪದರ ನೆನೆಸಿದ ಕಡಲೆಯ ಸಿಪ್ಪೆಯ ಹಾಗೆ ಎದ್ದಿರುವುದುಂಟು. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಎಥನಾಲ್ ತಡೆಯುವ, 8 ಮಿಮೀ ಒಳಗಾತ್ರದ ಪೈಪು ಕೇಳಿ. ಬಲ್ಬಿನ ಬಾಣದ ಗುರುತು ಎಂಜಿನ್ ಕಡೆಗಿರಲಿ, ಕ್ಲಿಪ್ಪು ಸ್ಟೇನ್‌ಲೆಸ್ ಇರಲಿ.

ಇನ್ನೊಬ್ಬರ ಪ್ರಶ್ನೆ (ಗಂಗೊಳ್ಳಿ): ನಮ್ಮದು ಉಲ್ಟಾ ಸರ್. ರೇಸ್ ಕೊಟ್ಟರೆ ಆರ್‌ಪಿಎಂ ಜೋರಾಗಿ ಏರುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ.

ಉತ್ತರ: ಹಾಗಾದರೆ ಎಂಜಿನ್ ಮುಟ್ಟಬೇಡಿ. ಪ್ರೊಪೆಲ್ಲರ್ ನಡುವಿನ ಹಬ್ಬಿನಲ್ಲಿರುವ ರಬ್ಬರ್ ಬುಷ್ ಜಾರುತ್ತಿರಬಹುದು. ಹಬ್ಬಿನ ಒಳಭಾಗದಿಂದ ಹೊರಭಾಗಕ್ಕೆ ಅಡ್ಡವಾಗಿ ಪೇಂಟಿನ ಒಂದು ಗೆರೆ ಎಳೆದು, ಒಣಗಿದ ಮೇಲೆ ಫುಲ್ ರೇಸಿನಲ್ಲಿ ಓಡಿಸಿ ಬನ್ನಿ. ಗೆರೆ ಎರಡು ತುಂಡಾಗಿ ಸರಿದಿದ್ದರೆ ಬುಷ್ ಹೋಗಿದೆ. ಗೆರೆ ನೆಟ್ಟಗಿದ್ದರೆ ಎಂಜಿನ್ ಎತ್ತರ ನೋಡಿ, ಪ್ರೊಪೆಲ್ಲರ್ ಗಾಳಿ ಕಲಕುತ್ತಿರಬಹುದು.

ಪ್ರಶ್ನೆ (ಹೊನ್ನಾವರ): ಪೈಪು, ಬಲ್ಬ್ ಎರಡೂ ಹೊಸದು, ಟ್ಯಾಂಕ್ ತೊಳೆದಾಯಿತು. ಅರ್ಧ ಗಂಟೆ ಫುಲ್ ರೇಸಿನಲ್ಲಿ 5,000 ಕದಲಲಿಲ್ಲ. ರಿಂಗಿನ ಅನುಮಾನ ಹೇಗೆ ತೀರಿಸಿಕೊಳ್ಳುವುದು?

ಉತ್ತರ: ಆಯಿಲ್ ಇಲ್ಲದ ಪೆಟ್ರೋಲ್ ಕುಡಿದಿರುವುದರಿಂದ ನೋಡುವುದೇ ಒಳ್ಳೆಯದು. ಎಂಜಿನ್ ಬಿಸಿಯಿರುವಾಗ ಎರಡೂ ಪ್ಲಗ್ ತೆಗೆದು, ಪ್ಲಗ್ ವೈರುಗಳನ್ನು ಬ್ಲಾಕಿಗೆ ಅರ್ಥ್ ಮಾಡಿ. ಗಾಳಿಯಲ್ಲಿ ಬಿಟ್ಟು ಎಳೆದರೆ ಪ್ಲಗ್ಗಿಗೆ ಕಿಡಿ ಕೊಡುವ ಸಿಡಿಐ ಯೂನಿಟ್ ಸುಡಬಹುದು. ರೇಸ್ ಪೂರ್ತಿ ತೆರೆದು, ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಾಕಿ ಹಗ್ಗ ನಾಲ್ಕೈದು ಸಲ ಎಳೆಯಿರಿ. ಎರಡು ಸಿಲಿಂಡರಿನ ನಡುವೆ ನೂರಕ್ಕೆ 10ರೊಳಗಿನ ವ್ಯತ್ಯಾಸವಿದ್ದರೆ ಹೆಡ್ ಬಿಚ್ಚುವುದು ಬೇಡ.