ಸಹಾಯ ಬೇಕು: ಕಾರಿನ ಫೈಬರ್ ಬಾಡಿ ಮೇಲೆ ಪೇಂಟ್ ಕೂರುತ್ತಿಲ್ಲ

ಬೆಳಗಾವಿಯಿಂದ ನಮಸ್ಕಾರ್ರೀ. ಅಪ್ಪ, ತಂಗಿ, ನಾನು ಸೇರಿ ಮನೆ ಹಿಂದಿನ ಶೆಡ್ಡಿನಲ್ಲಿ ಕಿಟ್ ಕಾರು, ಅಂದರೆ ಬಿಡಿಭಾಗ ಜೋಡಿಸಿ ನಾವೇ ಮಾಡುವ ಕಾರು, ಕಟ್ಟುತ್ತಿದ್ದೇವೆ. ಹಳೇ ಮಾರುತಿ 800ರ ಇಂಜಿನ್, ಮೇಲೆ ಫೈಬರ್ ಬಾಡಿ. ಚಾಸಿ (ಕಾರಿನ ಅಡಿಯ ಚೌಕಟ್ಟು) ವೆಲ್ಡಿಂಗ್ ಉದ್ಯಮಬಾಗದಲ್ಲಿ ಮಾಡಿಸಿದೆವು, ಅದರ ಚಿಂತೆ ಇಲ್ಲ.

ತಲೆನೋವು ಪೇಂಟಿನದು. ಪ್ರೈಮರ್ ಚೆನ್ನಾಗಿ ಕೂತಿತ್ತು. ಮೇಲೆ ಕೆಂಪು ಹೊಡೆದ ಎರಡೇ ನಿಮಿಷಕ್ಕೆ ಬಾನೆಟ್ ತುಂಬ ಸಾಸಿವೆ ಕಾಳಿನಷ್ಟು ಗುಳಿಗಳು. ಒಳಗೆ ಬೂದು ಪ್ರೈಮರ್ ಇಣುಕುತ್ತದೆ. 400ರ ವಾಟರ್ ಪೇಪರ್‌ನಲ್ಲಿ ತಿಕ್ಕಿ ಮತ್ತೆ ಹೊಡೆದರೂ ಅಷ್ಟೇ. ಪೇಂಟ್ ಸ್ಪ್ರೇ ಮಾಡುವ ಕಂಪ್ರೆಸರ್ ಗಾಳಿಯಲ್ಲಿ ಎಣ್ಣೆ ಬರುತ್ತಿದೆಯಾ, ಇಲ್ಲಾ ಫೈಬರ್ ಅಂಟದೆ ಬಿಡಲಿ ಅಂತ ಬಾಡಿ ಮಾಡುವ ಅಚ್ಚಿಗೆ ಹಚ್ಚಿದ್ದ ಮೇಣ ಬಾಡಿ ಮೇಲೆ ಉಳಿದಿದೆಯಾ? ಥಿನ್ನರ್‌ನಿಂದ ಒರೆಸಿದ್ದು ಸುಮ್ನೆ ಒಂದೇ ಸಲ, ಅದೂ ತಂಗಿಯ ಹಳೇ ಚೂಡಿದಾರದಲ್ಲಿ. ಹೊರಗೆ ಜಿಟಿಜಿಟಿ ಮಳೆ ಬೇರೆ.

ಪೂರ್ತಿ ಕೆರೆದು ಮೊದಲಿಂದ ಶುರು ಮಾಡಬೇಕಾ? ಟಿಳಕವಾಡಿ ಕಡೆ ಗಾಳಿಯ ನೀರು, ಎಣ್ಣೆ ಸೋಸುವ ಫಿಲ್ಟರ್ ಎರಡು ದಿನ ಕೊಡುವವರಿದ್ದರೆ ಬೇಗ ತಿಳಿಸಿ. ಅಪ್ಪ ಆಗಲೇ ಬ್ರಶ್ ಹುಡುಕುತ್ತಿದ್ದಾರೆ!