ಸೇಬು ಕಾಣಲಿಕ್ಕೆ ಒಂದು ಒಟ್ಟೆ

ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿ ಮಳೆ ಹಿಡಿದರೆ ರಾಮಣ್ಣನ ಹೋಟೆಲಿನಿಂದ ಏಳುವ ಹಾಗಿಲ್ಲ. ಮೊನ್ನೆ ನಾನು, ಮಾಷ್ಟ್ರು, ಭಟ್ರು ಗೋಳಿಬಜೆ ಮುಂದಿಟ್ಟುಕೊಂಡು ಕೂತಿದ್ದೆವು. ದುಬೈಯಿಂದ ರಜೆಗೆ ಬಂದ ಹಮೀದ್ ಕೊಡೆ ಮಡಚಿ ಒಳಗೆ ಬಂದ. ಬಂದವನೇ ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟ.

ಕವುಚಿಯೇ ಇಡಬೇಕು. ಅಂಗಾತ ಇಟ್ಟರೆ ಎಲ್ಲ ಫೋನೂ ಒಂದೇ ಥರ ಕಾಣುತ್ತದಲ್ವಾ? ಅವನ ಕವರಿನ ಹಿಂದೆ ಒಂದು ಉರುಟು ಒಟ್ಟೆ. ಅದರಿಂದ ಐಫೋನಿನ ಕಚ್ಚಿದ ಸೇಬು ಇಣುಕುತ್ತಿತ್ತು.

“ಎಂತ ಮಾರಾಯ, ಕವರು ಹರಿದಿದೆಯಾ?” ಅಂದರು ಭಟ್ರು.

“ಅದು ಹಾಗೇ ಬರುವುದು ಭಟ್ರೇ. ಸೇಬು ಕಾಣಲಿಕ್ಕೆ.”

“ಮತ್ತೆ ಕವರು ಎಂತಕ್ಕೆ? ಪೆಟ್ಟು ಬಿದ್ದರೆ ಸೇಬಿಗೇ ಬೀಳುತ್ತದಲ್ಲ!”

ಭಟ್ರು ಆಂಡ್ರಾಯ್ಡ್ ಪಕ್ಷ. ಗಾಜಿನಲ್ಲಿ ಗೆರೆ ಬಿದ್ದ ಹಳೆ ಫೋನು, ಅಡಿಕೆ ರೇಟು ನೋಡಲು ಅಷ್ಟು ಸಾಕು. “ನಮ್ಮ ದೇಶದಲ್ಲಿ ನೂರರಲ್ಲಿ ತೊಂಬತ್ತಕ್ಕಿಂತ ಜಾಸ್ತಿ ಫೋನು ಆಂಡ್ರಾಯ್ಡೇ. ಬಹುಮತ ನಮ್ಮದು” ಅಂದರು.

“ಇರಲಿ. ಆದರೆ ಐಫೋನ್ ಹಳತಾದರೂ ರೇಟು ಸಿಗುತ್ತದೆ.”

“ರೇಟಿನ ವಿಷಯ ನನಗೆ ಹೇಳಬೇಡ. ಅಡಿಕೆ ಒಂದು ವರ್ಷ ಇಟ್ಟರೆ ಸಿಂಗಲ್ ಚೋಲು, ಇನ್ನೂ ಇಟ್ಟರೆ ಡಬಲ್ ಚೋಲು. ಇಟ್ಟಷ್ಟೂ ಬೆಲೆ. ನಿನ್ನ ಸೇಬು ಇಟ್ಟರೆ ಏರುತ್ತದಾ?”

“ಏರುವುದಿಲ್ಲ. ಆದರೆ ನಿಮ್ಮದು ಎರಡೇ ವರ್ಷಕ್ಕೆ ಕರಿಗೋಟು, ರೇಟಿಲ್ಲದ ಹಾಳಡಿಕೆ.”

ಭಟ್ರು ಒಂದು ಗೋಳಿಬಜೆ ಬಾಯಿಗೆ ಹಾಕಿಕೊಂಡರು. ಉತ್ತರ ಇಲ್ಲದಾಗ ಅವರು ಹಾಗೆಯೇ.

ಮಾಷ್ಟ್ರು ಇಡೀ ಆಯುಸ್ಸು ಕನ್ನಡ ಕಲಿಸಿದವರು. ಅವರ ಸಿಟ್ಟು ಬೇರೆ. “ಐಫೋನ್ ಬಂದದ್ದು 2007ರಲ್ಲಿ. ಅದರ ಸ್ವಂತ ಕೀಬೋರ್ಡಿನಲ್ಲಿ ಕನ್ನಡ ಬಂದದ್ದು 2017ರಲ್ಲಿ, ಐಒಎಸ್ 11ರಲ್ಲಿ. ಹತ್ತು ವರ್ಷ ಕಾಯಿಸಿದ್ದಾರೆ!”

“ಹತ್ತೇ ವರ್ಷ ಅಲ್ವಾ ಮಾಷ್ಟ್ರೇ?” ಅಂದ ಹಮೀದ್. “ಬೋರ್ಡಿನಲ್ಲಿ ಕನ್ನಡ ಬರೆಯಿರಿ ಅಂತ ನಾವು ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಕೇಳುತ್ತಿದ್ದೇವೆ. ಆಪಲ್‌ನವರು ಕನ್ನಡ, ಮಲಯಾಳ ಎರಡನ್ನೂ ಒಟ್ಟಿಗೇ ಕೊಟ್ಟರು.”

ಇದಕ್ಕೆ ಮಾಷ್ಟ್ರೂ ನಕ್ಕರು. ನಗದೆ ಬೇರೆ ದಾರಿ ಇರಲಿಲ್ಲ.

ನನಗೆ ಈ ಜಗಳದಲ್ಲೇ ನಂಬಿಕೆ ಇಲ್ಲ. ಅದನ್ನು ಹೇಳಿದೆ. ನಮ್ಮ ಯಕ್ಷಗಾನದ ಆಟದ ಹಾಗೆ ಇದು. ರಂಗಸ್ಥಳದಲ್ಲಿ ಭೀಮನೂ ಕೌರವನೂ ಗದೆ ಎತ್ತಿ ಬಡಿದಾಡುತ್ತಾರೆ. ವೇಷ ಕಟ್ಟುವ ಚೌಕಿಗೆ ಹೋಗಿ ನೋಡಿದರೆ ಒಬ್ಬರ ಕಿರೀಟದ ಗಂಟು ಇನ್ನೊಬ್ಬರು ಬಿಚ್ಚುತ್ತಿರುತ್ತಾರೆ. ಐಫೋನ್ 7ರಲ್ಲಿ ಆಪಲ್ ಇಯರ್‌ಫೋನಿನ ಒಟ್ಟೆ ಮುಚ್ಚಿತು. ಸ್ಯಾಮ್ಸಂಗ್‌ನವರು ಜಾಹೀರಾತಿನಲ್ಲಿ ತಮಾಷೆ ಮಾಡಿದರು. 2019ರ ನೋಟ್ 10ರಲ್ಲಿ ತಾವೂ ಮುಚ್ಚಿದರು. 2020ರಲ್ಲಿ ಆಪಲ್ ಪೆಟ್ಟಿಗೆಯಿಂದ ಚಾರ್ಜರ್ ತೆಗೆದಾಗ ಮತ್ತೆ ಗೇಲಿ. ಮೂರು ತಿಂಗಳು ಕಳೆದು ಸ್ಯಾಮ್ಸಂಗ್‌ನವರದೇ ಎಸ್21 ಬಂತು, ಅದರಲ್ಲೂ ಚಾರ್ಜರ್ ಇಲ್ಲ!

“ಸೊಸೆ ಅತ್ತೆ ಆದ ಹಾಗೆ” ಅಂದರು ಭಟ್ರು.

“ಇನ್ನೂ ಕೇಳಿ. 2017ರ ಐಫೋನ್ ಎಕ್ಸ್‌ನ ಪರದೆ ಮಾಡಿಕೊಟ್ಟದ್ದು ಯಾರು? ಇದೇ ಸ್ಯಾಮ್ಸಂಗ್.”

ಹಮೀದ್ ಫೋನನ್ನು ಮಗುಚಿ ಪರದೆ ನೋಡಿಕೊಂಡ. ಮತ್ತೆ ಕವುಚಿ ಇಟ್ಟ.

ಒಲೆಯ ಹತ್ತಿರದಿಂದ ರಾಮಣ್ಣ ಬಾಯಿ ಹಾಕಿದ. “ನಮ್ಮ ನೋಕಿಯಾ ಇರುವಾಗ ಈ ಗಲಾಟೆ ಇತ್ತಾ?”

ಇರಲಿಲ್ಲ. 2003ರಲ್ಲಿ ಬಂದ 1100, ಮೇಲೆ ಟಾರ್ಚ್ ಇದ್ದದ್ದು. ಜಗತ್ತಿನಲ್ಲಿ 25 ಕೋಟಿ ಮಾರಾಟವಾಗಿತ್ತು. ಫೋನ್ ಅಂದರೆ ನೋಕಿಯಾ, ಮುಗಿಯಿತು. ಬಾವಿಕಟ್ಟೆಯಿಂದ ಬಿದ್ದರೂ ಆ ಫೋನಿಗೆ ಏನೂ ಆಗುತ್ತಿರಲಿಲ್ಲ. ಕಡೆಗೆ ಬಿದ್ದದ್ದು ಕಂಪೆನಿ. 2013ರಲ್ಲಿ ಫೋನಿನ ವ್ಯಾಪಾರವನ್ನು ಮೈಕ್ರೋಸಾಫ್ಟ್‌ಗೆ ಮಾರಲು ಒಪ್ಪಿತು. ಅವರ ವಿಂಡೋಸ್ ಫೋನೂ ಉಳಿಯಲಿಲ್ಲ. ಆ್ಯಪ್ ಕಡಿಮೆ. ಅಂಗಡಿ ಚಂದ, ಸಾಮಾನಿಲ್ಲ, ಹಾಗಾಯಿತು.

ಮಾಷ್ಟ್ರು ಇಷ್ಟಕ್ಕೇ ಬಿಡುವವರಲ್ಲ. “ಹಮೀದ್, ಐಫೋನನ್ನು ಈಗ ಕೋಲಾರದ ನರಸಾಪುರದಲ್ಲೂ ಮಾಡುತ್ತಾರೆ, ಗೊತ್ತುಂಟಾ?”

“ಗೊತ್ತುಂಟು.”

“ಕೋಲಾರದ್ದೇ ಸಿಗುವಾಗ ದುಬೈಯಿಂದ ಹೊತ್ತುಕೊಂಡು ಬಂದದ್ದು ಎಂತಕ್ಕೆ?”

ಹಮೀದ್ ತುಂಬ ಹೊತ್ತು ಯೋಚಿಸಿದ. “ಕೋಲಾರದಿಂದ ತಂದೆ ಅಂತ ಮದುವೆ ಮನೆಯಲ್ಲಿ ಹೇಳಲಿಕ್ಕೆ ಆಗುತ್ತದಾ ಮಾಷ್ಟ್ರೇ?”

ಇಷ್ಟು ಸತ್ಯವನ್ನು ಯಾವ ಜಾಹೀರಾತಿನವನೂ ಹೇಳಿದ್ದು ನಾನು ಕೇಳಿಲ್ಲ.

ಮಳೆ ಬಿಟ್ಟಿತು. ಮಾಷ್ಟ್ರು ಬಸ್ಸಿಗೆ ಓಡಿದರು. ಹಮೀದ್ ಕೊಡೆ ಬಿಡಿಸುವಾಗ ಭಟ್ರು ಅವನ ಅಂಗಿಯ ತುದಿ ಹಿಡಿದು ಮೆಲ್ಲಗೆ ಕೇಳಿದರು. “ಬೆಂಗಳೂರಿನಿಂದ ಮಗ ಅವನ ಹಳೆ ಐಫೋನ್ ಕಳಿಸುತ್ತಾನಂತೆ. ಆ ಒಟ್ಟೆ ಇರುವ ಕವರು ಇಲ್ಲಿ ಸಿಗುತ್ತದಾ, ಕಾಸರಗೋಡಿಗೇ ಹೋಗಬೇಕಾ?”