ಅಗ್ರಸ್ಥಾನದ ತಂಡ ಎಡವಿದ್ದೇಕೆ? ಎಲ್‌ಎಸ್‌ಯು ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ 2023-24ರ ಋತು

ಪ್ರಶ್ನೆ: ಲೂಯಿಸಿಯಾನದ ಬ್ಯಾಟನ್ ರೂಜ್‌ನಲ್ಲಿ ನೆಲೆಸಿರುವ ನಾನು ಮಗಳೊಂದಿಗೆ ಎಲ್‌ಎಸ್‌ಯು (ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿ) ಮಹಿಳಾ ತಂಡದ ಪಂದ್ಯಗಳನ್ನು ತಪ್ಪದೆ ನೋಡುತ್ತೇನೆ. 2023ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ತಂಡ ಇನ್ನಷ್ಟು ತಾರೆಯರನ್ನು ಸೇರಿಸಿಕೊಂಡು ಮುಂದಿನ ಋತುವನ್ನು ಅಗ್ರಸ್ಥಾನದಿಂದ ಆರಂಭಿಸಿದರೂ ನಿರೀಕ್ಷೆಯನ್ನು ಮುಟ್ಟಲಿಲ್ಲ. ಕಾರಣವನ್ನು ಎಲ್ಲಿ ಹುಡುಕಬೇಕೆಂದು ಆಡಿ ಅನುಭವವಿರುವವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಕಾಲೇಜಿನಲ್ಲಿ ಪಾಯಿಂಟ್ ಗಾರ್ಡ್ ಆಗಿ ಆಡಿದ ನನ್ನ ಗಮನ ಮೊದಲು ಹೋಗುವುದು ಚೆಂಡನ್ನು ಮುಂದಕ್ಕೆ ತಂದು ಆಟವನ್ನು ಕಟ್ಟುವವರ ಕಡೆಗೆ. 2023ರ ಫೈನಲ್‌ನಲ್ಲಿ ಅಯೋವಾವನ್ನು 102-85ರಿಂದ ಮಣಿಸಿದಾಗ ಆ ಹೊಣೆ ಹೊತ್ತಿದ್ದ ಅಲೆಕ್ಸಿಸ್ ಮಾರಿಸ್ ಅನಂತರ ಕಾಲೇಜು ಮುಗಿಸಿ ಹೊರಟರು. ಅವರ ಜಾಗಕ್ಕೆ ಲೂಯಿವಿಲ್‌ನಿಂದ ಬಂದ ಹೇಲಿ ವ್ಯಾನ್ ಲಿತ್ ಮೂಲತಃ ಅಂಕ ಗಳಿಸುವ ಆಟಗಾರ್ತಿ. ಹಿಂದಿನ ಋತುವಿನಲ್ಲಿ ಪಂದ್ಯಕ್ಕೆ 19.7ರಷ್ಟಿದ್ದ ಅವರ ಸರಾಸರಿ ಇಲ್ಲಿ 11.6ಕ್ಕೆ ಇಳಿಯಿತು. ಇದು ಅವರ ಸಾಮರ್ಥ್ಯದ ಕುಸಿತವೆಂದು ನಾನು ಒಪ್ಪುವುದಿಲ್ಲ. ತಾನೇ ಹೊಡೆಯಬೇಕೋ, ಒಳಗೆ ನಿಂತವರಿಗೆ ಕೊಡಬೇಕೋ ಎಂಬ ತೀರ್ಮಾನ ಕ್ಷಣಾರ್ಧದಲ್ಲಿ ಆಗಬೇಕಾದ ಸ್ಥಾನವದು, ಮತ್ತು ಜೊತೆಗಾರ್ತಿಯರು ಎಲ್ಲಿಗೆ ಓಡುತ್ತಾರೆಂಬ ಅಂದಾಜು ಕೈಗೆ ಹತ್ತಲು ತಿಂಗಳುಗಳು ಬೇಕೆಂಬುದನ್ನು ನಾನು ಸ್ವತಃ ಕಂಡಿದ್ದೇನೆ.

ಮೊದಲ ಪಂದ್ಯವೇ ಇದಕ್ಕೆ ಸಾಕ್ಷಿ. ಎಲ್‌ಎಸ್‌ಯುವನ್ನು 92-78ರಿಂದ ಸೋಲಿಸಿದ ಕೊಲೊರಾಡೊ, ಹಿಂದಿನ ಋತುವಿನ ರಾಷ್ಟ್ರೀಯ ಟೂರ್ನಿಯಲ್ಲಿ ಕೊನೆಯ 16ರ ಘಟ್ಟ ತಲುಪಿದ್ದ ತನ್ನ ಪ್ರಮುಖ ಆಟಗಾರ್ತಿಯರನ್ನು ಬಹುಪಾಲು ಹಾಗೆಯೇ ಉಳಿಸಿಕೊಂಡಿತ್ತು. ಋತುಪೂರ್ವ ರ‍್ಯಾಂಕಿಂಗ್ ಹೆಸರುಗಳನ್ನು ತೂಗುತ್ತದೆಯೇ ಹೊರತು ಈ ಒಡನಾಟವನ್ನಲ್ಲ.

ಇನ್ನೊಬ್ಬರ ಉತ್ತರ: ಮೇಲಿನ ಮಾತು ಸರಿ, ಆದರೆ ಬೆಂಚನ್ನೂ, ಅಂದರೆ ಬದಲಿ ಆಟಗಾರ್ತಿಯರನ್ನೂ ನೋಡಬೇಕು. ನವೆಂಬರ್‌ನಲ್ಲಿ ತಂಡದ ತಾರೆ ಏಂಜಲ್ ರೀಸ್ ಕೆಲವು ಪಂದ್ಯಗಳಿಂದ ಹೊರಗುಳಿದರು. ಸಮಾಯಾ ಸ್ಮಿತ್ ಋತುವಿನ ಆರಂಭದಲ್ಲೇ ಆದ ಮೊಣಕಾಲಿನ ಗಾಯದಿಂದ ಉಳಿದ ಪಂದ್ಯಗಳನ್ನೆಲ್ಲ ಕಳೆದುಕೊಂಡರು. ಆದ್ದರಿಂದ ಬಲಿಷ್ಠ ಎದುರಾಳಿಗಳ ಮುಂದೆ ಐದಾರು ಮಂದಿಯೇ ಬಹುತೇಕ ಪೂರ್ತಿ ಆಡಬೇಕಾಯಿತು. ರಾಷ್ಟ್ರೀಯ ಟೂರ್ನಿಯ ಕೊನೆಯ ಎಂಟರ ಘಟ್ಟದಲ್ಲಿ ಅಯೋವಾ ವಿರುದ್ಧ 94-87ರಿಂದ ಸೋತ ಪಂದ್ಯದಲ್ಲಿ ಅಯೋವಾದ ಕೇಟ್ಲಿನ್ ಕ್ಲಾರ್ಕ್ 41 ಅಂಕ ಗಳಿಸಿದ್ದನ್ನೇ ಎಲ್ಲರೂ ನೆನೆಯುತ್ತಾರೆ. ರೀಸ್ ಐದು ಫೌಲ್‌ಗಳಿಂದ ಹೊರನಡೆದಾಗ ಅವರ ಮಟ್ಟದ ಬದಲಿ ಆಟಗಾರ್ತಿ ಇರಲಿಲ್ಲ ಎಂಬುದು ನನಗೆ ಅಷ್ಟೇ ಮುಖ್ಯ. ಹಾಗೆಂದು 31 ಪಂದ್ಯ ಗೆದ್ದು 6ರಲ್ಲಿ ಮಾತ್ರ ಸೋತ ತಂಡವನ್ನು ವಿಫಲವೆನ್ನಲು ನನಗೆ ಮನಸ್ಸಿಲ್ಲ.

ಅದೇ ಋತುವಿನಲ್ಲಿ ಕನೆಕ್ಟಿಕಟ್ ಕೂಡ ಆರಂಭದಲ್ಲೇ ಎನ್‌ಸಿ ಸ್ಟೇಟ್ (ನಾರ್ತ್ ಕ್ಯಾರೊಲಿನಾ ಸ್ಟೇಟ್) ತಂಡಕ್ಕೆ 92-81ರಿಂದ ಸೋತು, ಆಮೇಲೆ ತನ್ನ ಆಟಗಾರ್ತಿ ಆಜಿ ಫಡ್ ಅವರನ್ನೂ ಗಾಯದಿಂದ ಕಳೆದುಕೊಂಡಿತ್ತು. ಆದರೂ ಪೇಜ್ ಬೆಕರ್ಸ್ ಸುತ್ತ ಹೊಸ ಹುಡುಗಿಯರು ಋತುವಿನುದ್ದಕ್ಕೂ ಹೊಂದಿಕೊಂಡು ತಂಡವನ್ನು ಟೂರ್ನಿಯ ಕೊನೆಯ ನಾಲ್ಕರ ಘಟ್ಟಕ್ಕೆ ಮುಟ್ಟಿಸಿದರು. ಮುಂದಿನ ಬಾರಿ ಮಗಳೊಂದಿಗೆ ಪಂದ್ಯ ನೋಡುವಾಗ, ಅಂಕಪಟ್ಟಿಗಿಂತ ಮೊದಲು ಅಸಿಸ್ಟ್‌ಗಳೆಷ್ಟು (ಜೊತೆಗಾರ್ತಿಯ ಬುಟ್ಟಿಗೆ ನೆರವಾದ ಪಾಸ್‌ಗಳು), ಕೈತಪ್ಪಿದ ಚೆಂಡುಗಳೆಷ್ಟು, ಮೂರನೆಯ ಕ್ವಾರ್ಟರ್‌ನ ಹೊತ್ತಿಗೆ ಯಾರಿಗೆ ಎಷ್ಟು ಫೌಲ್ ಆಗಿದೆ ಎಂಬುದನ್ನು ಗುರುತು ಹಾಕಿಕೊಳ್ಳಿ.